'ಸಂಪಾದನೆ' ಅಂದರೆ ಎಷ್ಟು? ಕಥೆ ತಿದ್ದುವ ಕೆಲಸಕ್ಕೆ ಇಳಿಯುವವರು ಮೊದಲು ಬರೆದಿಟ್ಟುಕೊಳ್ಳಬೇಕಾದ ಒಂದು ಹಾಳೆ

ಪ್ರೆಸ್ಸಿನ ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೊಸದರಲ್ಲಿ ಪಕ್ಕದ ಮನೆಯವರು ಕೇಳಿದರು, "ಈಗ ಏನ್ಮಾಡ್ತಿದೀರಿ?"

"ಸಂಪಾದನೆ" ಅಂದೆ.

"ಅದು ಎಲ್ಲಾರೂ ಮಾಡ್ತಾರೆ ಬಿಡಿ. ಕೆಲಸ ಏನು?"

ಕನ್ನಡದಲ್ಲಿ ಈ ಪದದ ಪಾಡೇ ಹೀಗೆ. ಸಂಪಾದನೆ ಅಂದರೆ ದುಡಿಮೆ. ಸಂಪಾದಕ ಅಂದರೆ ಪೇಪರಿನವರು. ಸ್ವಲ್ಪ ಓದಿಕೊಂಡವರಿಗೆ ಹೇಳಿದರೆ ಓಲೆಗರಿ ಮುಂದಿಟ್ಟುಕೊಂಡು ಪಾಠಾಂತರ ಗುರುತು ಹಾಕುವವರು ಅಂದುಕೊಳ್ಳುತ್ತಾರೆ. ಬದುಕಿರುವ ಲೇಖಕರ ಕಾದಂಬರಿಯನ್ನು ಅಚ್ಚಿಗೆ ಹೋಗುವ ಮುಂಚೆ ಓದುವುದು, ಎಲ್ಲಿ ಕುಂಟುತ್ತಿದೆ ಅಂತ ಹೇಳುವುದು, ವಾಕ್ಯ ವಾಕ್ಯವಾಗಿ ಜೊತೆಗೆ ಕೂತು ನೋಡುವುದು, ಈ ಕೆಲಸಕ್ಕೆ ಬಾಯಲ್ಲಿ ಓಡಾಡುವ ಹೆಸರೇ ಇಲ್ಲ. ನಾನು "ಕಥೆ ತಿದ್ದುವ ಕೆಲಸ" ಅನ್ನುತ್ತೇನೆ. ಮೇಷ್ಟ್ರ ವಾಸನೆ ಬರುತ್ತೆ, ಆದರೂ ಇರಲಿ.

ತುಮಕೂರಿನಲ್ಲಿ ಕೂತು ಈ ಕೆಲಸ ಮಾಡಬಹುದಾ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಮಾಡಬಹುದು. ಕಡತ ಇಮೇಲಿನಲ್ಲಿ ಬರುತ್ತೆ, ಬೆಂಗಳೂರು 70 ಕಿಲೋಮೀಟರು, ಲೇಖಕರನ್ನು ನೋಡಲೇಬೇಕಾದರೆ ಬೆಳಗ್ಗೆ ರೈಲು ಹತ್ತಿ ಸಂಜೆ ವಾಪಸ್ ಬರಬಹುದು. ಆದರೆ ಕೇಳುವವರು ಶುರು ಮಾಡುವುದು ತಪ್ಪು ಕಡೆಯಿಂದ. ಹೆಸರು ಏನಿಡಲಿ, ವಿಸಿಟಿಂಗ್ ಕಾರ್ಡ್ ಹೇಗಿರಲಿ, ಪುಟಕ್ಕೆ ಎಷ್ಟು ಹೇಳಲಿ. ಅದಕ್ಕೂ ಮುಂಚೆ ಒಂದು ಹಾಳೆ ತಗೊಂಡು ಒಂದು ಮಗ್ಗುಲಲ್ಲಿ ಗುರಿ, ಇನ್ನೊಂದು ಮಗ್ಗುಲಲ್ಲಿ ಮೌಲ್ಯ ಬರೆಯಿರಿ ಅನ್ನುತ್ತೇನೆ. 'ಮೌಲ್ಯ' ಅಂದ ತಕ್ಷಣ ಶಾಲೆ ಗೋಡೆಯ ಸುಭಾಷಿತ ನೆನಪಾಗುತ್ತೆ, ಗೊತ್ತು. ನಾನು ಹೇಳುತ್ತಿರುವುದು ಅದಲ್ಲ. ಹೇಗೆ ಬರೆಯುವುದು ಅಂತ ಒಂದೊಂದಾಗಿ ನೋಡೋಣ.

ಮೊದಲು, ಏನು ಮಾರುತ್ತೀರಿ ಅಂತ ತಿಳಿದುಕೊಳ್ಳಿ

"ಸ್ವಲ್ಪ ನೋಡಿಕೊಡಿ" ಅಂತ ಲೇಖಕರು ಕಳಿಸುತ್ತಾರೆ. ಆ 'ನೋಡುವುದರ' ಒಳಗೆ ನಾಲ್ಕು ಬೇರೆ ಬೇರೆ ಕೆಲಸ ಇವೆ.

ಒಂದು, ಓದಿ ಅಭಿಪ್ರಾಯ ಬರೆಯುವುದು. ಕಥೆಯ ಕಟ್ಟಡ ನಿಂತಿದೆಯಾ, ಯಾವ ಪಾತ್ರ ಮಧ್ಯದಲ್ಲಿ ಕಾಣೆಯಾಯಿತು, ಯಾವ ಅಧ್ಯಾಯ ಸುಮ್ನೆ ಕೂತಿದೆ ಅಂತ ನಾಲ್ಕೈದು ಪುಟದ ಪತ್ರ. ಹಸ್ತಪ್ರತಿ ಮೇಲೆ ಕೈ ಇಡುವುದಿಲ್ಲ. ಎರಡು, ವಾಕ್ಯದ ಕೆಲಸ. ಸಾಲು ಸಾಲು ಓದಿ, ಲಯ, ಪುನರುಕ್ತಿ, ಮಾತಿನ ಧಾಟಿ ನೋಡುವುದು. ಮೂರು, ಹೊಂದಾಣಿಕೆ. ಕಾಗುಣಿತ ಒಂದೇ ತರ ಇದೆಯಾ, ಮೂರನೇ ಅಧ್ಯಾಯದ ಎಡಗಾಲು ಹತ್ತನೇ ಅಧ್ಯಾಯದಲ್ಲಿ ಬಲಗಾಲು ಆಗಿದೆಯಾ, ತಿಂಗಳು ವರ್ಷ ಕೂಡುತ್ತವಾ. ನಾಲ್ಕು, ಪುಟ ಕಟ್ಟಿದ ಮೇಲೆ ಕರಡು, ಅಂದರೆ ಪ್ರೂಫ್, ತಿದ್ದುವುದು.

ನಮ್ಮಲ್ಲಿ ನಾಲ್ಕನೆಯದಕ್ಕೆ ಜನ ದುಡ್ಡು ಕೊಡುತ್ತಾರೆ, ಉಳಿದ ಮೂರನ್ನು ಅದರ ಜೊತೆ ಕೊಸರು ಅಂದುಕೊಳ್ಳುತ್ತಾರೆ. ಹಾಳೆಯ ಮೇಲೆ ನಾಲ್ಕನ್ನೂ ಬರೆದು, ಯಾವುದು ನಿಮ್ಮ ಕೆಲಸ, ಯಾವುದು ಅಲ್ಲ ಅಂತ ಗೆರೆ ಎಳೆಯಿರಿ. ನಾನು ನಾಲ್ಕನೆಯದನ್ನು ಬಿಟ್ಟೆ. ಹತ್ತು ವರ್ಷ ಅದನ್ನೇ ಮಾಡಿ ಕಣ್ಣು ಹೋಗಿತ್ತು. ಅದೂ ಅಲ್ಲದೆ, ನಲವತ್ತು ದಿನ ಒಂದೇ ಕಾದಂಬರಿ ಜೊತೆ ಇದ್ದವರಿಗೆ ಅದರ ಅಕ್ಷರದೋಷ ಕಾಣುವುದೇ ಇಲ್ಲ. ಅದನ್ನು ಹೊಸ ಕಣ್ಣೇ ನೋಡಬೇಕು.

ಗುರಿಯನ್ನು ಗಂಟೆಯಲ್ಲಿ ಬರೆಯಿರಿ

"ಕನ್ನಡಕ್ಕೆ ಒಳ್ಳೆಯ ಕಥೆ ಕೊಡುವುದು" ಗುರಿ ಅಲ್ಲ, ಆಸೆ. ಗುರಿ ಅಂದರೆ ವರ್ಷಕ್ಕೆ ಎಷ್ಟು ಹಸ್ತಪ್ರತಿ, ದಿನಕ್ಕೆ ಎಷ್ಟು ಗಂಟೆ, ತಿಂಗಳಿಗೆ ಎಷ್ಟು ರೂಪಾಯಿ.

ಒಂದು ಲೆಕ್ಕ ಹಾಕೋಣ. 40,000 ಪದದ ಕಾದಂಬರಿ ಬಂತು ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಪೆನ್ನು ಹಿಡಿಯದೆ ಮೊದಲ ಸಲ ಓದಲು 5 ಗಂಟೆ. ವಾಕ್ಯದ ಕೆಲಸ ನನ್ನ ಕೈಯಲ್ಲಿ ಗಂಟೆಗೆ 800 ಪದ ಸಾಗುತ್ತೆ, ಅಂದರೆ 50 ಗಂಟೆ. ಲೇಖಕರು ಉತ್ತರ ಬರೆದು ವಾಪಸ್ ಕಳಿಸಿದ ಮೇಲೆ ಎರಡನೇ ಸುತ್ತು 25 ಗಂಟೆ. ಪತ್ರ, ಫೋನು, ಹುಡುಕಾಟ 10 ಗಂಟೆ. ಒಟ್ಟು 90. ದಿನಕ್ಕೆ 4 ಗಂಟೆಗಿಂತ ಜಾಸ್ತಿ ಈ ಕೆಲಸ ಮಾಡಿದರೆ ಐದನೇ ಗಂಟೆಯಲ್ಲಿ ಎಲ್ಲಾ ವಾಕ್ಯವೂ ಸರಿಯಾಗಿಯೇ ಕಾಣಲು ಶುರುವಾಗುತ್ತೆ. ಅದು ಅಪಾಯ. ಹಾಗಾಗಿ 23 ದಿನ. ಭಾನುವಾರ ಬಿಟ್ಟರೆ ಒಂದು ತಿಂಗಳಿಗೆ ಒಂದು ಕಾದಂಬರಿ. ಹಬ್ಬ, ಮದುವೆ, ಜ್ವರ ಕಳೆದರೆ ವರ್ಷಕ್ಕೆ ಹತ್ತು.

ತಿಂಗಳಿಗೆ 25,000 ಬೇಕು ಅಂದರೆ ಗಂಟೆಗೆ ಸುಮಾರು 280 ರೂಪಾಯಿ ಬಿತ್ತು. ಪದಕ್ಕೆ ಲೆಕ್ಕ ಹಾಕಿದರೆ ಅರವತ್ತೆರಡೂವರೆ ಪೈಸೆ. ಇದು ಲೆಕ್ಕದ ದಾರಿ ತೋರಿಸಲು ಹೇಳಿದ್ದು, ಮಾರುಕಟ್ಟೆ ದರ ಅಲ್ಲ. ನಿಮ್ಮ ಬಾಡಿಗೆ, ನಿಮ್ಮ ವೇಗ ಹಾಕಿ ನೀವೇ ಮಾಡಿ.

ಈಗ ಇದೇ ಲೆಕ್ಕವನ್ನು ಲೇಖಕರ ಕಡೆಯಿಂದ ನೋಡಿ. ಐನೂರು ಪ್ರತಿ ಅಚ್ಚಾಯಿತು, ಬೆಲೆ 200, ರಾಯಲ್ಟಿ ಶೇಕಡ 10 ಅಂತಲೇ ಇಟ್ಟುಕೊಳ್ಳೋಣ. ಎಲ್ಲಾ ಪ್ರತಿ ಮಾರಾಟ ಆದರೂ ಅವರಿಗೆ ಬರುವುದು 10,000. ನಿಮಗೆ ಕೊಟ್ಟಿದ್ದು 25,000. ಇದನ್ನು ಅವರಿಗೆ ಹೇಳುತ್ತೀರಾ, ಇಲ್ವಾ?

ನಾನು ಹೇಳುತ್ತೇನೆ. ಮೊದಲ ಫೋನಿನಲ್ಲೇ ಹೇಳುತ್ತೇನೆ. ಹೇಳಿದ ಮೇಲೆ ಕೆಲವರು ಮತ್ತೆ ಫೋನ್ ಮಾಡುವುದಿಲ್ಲ. ಕೆಲವರು "ಹಂಗಾದ್ರೆ ಬರೀ ಅಭಿಪ್ರಾಯ ಬರೆದುಕೊಡಿ" ಅನ್ನುತ್ತಾರೆ. ಅದು ಓದಲು 5, ಪತ್ರಕ್ಕೆ 8, ಒಟ್ಟು 13 ಗಂಟೆಯ ಕೆಲಸ, 3,640 ರೂಪಾಯಿ. ಮೊದಲ ಕಾದಂಬರಿ ಬರೆದವರಿಗೆ ಹೆಚ್ಚಿನ ಸಲ ಬೇಕಾಗಿರುವುದೂ ಅಷ್ಟೇ. ಕಟ್ಟಡವೇ ವಾಲಿರುವಾಗ ಸುಣ್ಣ ಬಳಿಯಲು ಯಾಕೆ ದುಡ್ಡು?

ಮೌಲ್ಯಕ್ಕೆ ನಷ್ಟದ ಪರೀಕ್ಷೆ

ಈಗ ಹಾಳೆ ತಿರುಗಿಸಿ. ನೀವು ಬರೆಯುವ ಪ್ರತಿ ಮಾತಿನ ಮುಂದೆ ಒಂದು ಪ್ರಶ್ನೆ ಹಾಕಿ: ಈ ಮಾತಿನಿಂದ ನನಗೆ ಯಾವಾಗ ನಷ್ಟ ಆಗುತ್ತೆ?

"ಗುಣಮಟ್ಟ" ಅಂತ ಬರೆದಿರಿ. ಅದರಿಂದ ಯಾವತ್ತು ನಷ್ಟ? ಹೇಳೋಕೆ ಆಗಲ್ಲ ಅಲ್ವಾ. ಹೊಡೆದು ಹಾಕಿ. "ಸಮಯ ಪಾಲನೆ"? ಅದನ್ನು ಬಸ್ಸಿನವರೂ ಹೇಳುತ್ತಾರೆ. ಅದರ ಬದಲು "ಒಂದು ಕಾದಂಬರಿ ಮುಗಿಯದೆ ಇನ್ನೊಂದು ಹಿಡಿಯುವುದಿಲ್ಲ" ಅಂತ ಬರೆಯಿರಿ. ಇದರಿಂದ ನಷ್ಟ ಇದೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ ಹತ್ತಿರ ಬಂದಾಗ ನಾಲ್ಕು ಜನ ಕಥೆ ಹಿಡಿದುಕೊಂಡು ಬರುತ್ತಾರೆ, ಮೂರು ಜನಕ್ಕೆ ಇಲ್ಲ ಅನ್ನಬೇಕಾಗುತ್ತೆ. ಹಾಗಿದ್ದರೆ ಅದು ಹಾಳೆಯಲ್ಲಿ ಇರಲಿ.

ನನ್ನ ಹಾಳೆಯ ಎಲ್ಲಾ ಸಾಲನ್ನೂ ಇಲ್ಲಿ ಒಪ್ಪಿಸುವುದಿಲ್ಲ. ನಿಮ್ಮದು ಬೇರೆ ಇರಬೇಕು. ಕೆಲವನ್ನು ಮಾತ್ರ ಹೇಳುತ್ತೇನೆ, ಯಾಕೆ ಬಂದವು ಅನ್ನುವುದರ ಸಮೇತ.

"ಅಚ್ಚಾಗುತ್ತೆ, ಬಹುಮಾನ ಬರುತ್ತೆ ಅಂತ ಹೇಳುವುದಿಲ್ಲ." ಪ್ರಕಾಶಕರ ಪರಿಚಯ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇದ್ದರೂ ಅದನ್ನು ತಿದ್ದುವ ಕೆಲಸದ ಜೊತೆ ಕಟ್ಟಿ ಮಾರಬೇಡಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮಾಡಿಸಿಕೊಡುತ್ತೇವೆ ಅಂತ ಅದಕ್ಕೊಂದು ದೊಡ್ಡ ಬಿಲ್ಲು ಹಾಕುವವರೂ ಇದ್ದಾರೆ. ನಮ್ಮ ದೇಶದಲ್ಲಿ ಅದು ಪುಕ್ಕಟೆ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಕೇಳಿದವರಿಗೆ ದಾರಿ ಹೇಳಿಕೊಡಿ, ಮುಗಿಯಿತು.

"ಬೇರೆಯವರ ಹೆಸರಿನಲ್ಲಿ ನಾನು ಕಥೆ ಬರೆದುಕೊಡುವುದಿಲ್ಲ." ತಿದ್ದುವುದು ಎಲ್ಲಿ ಮುಗಿದು ಬರೆಯುವುದು ಎಲ್ಲಿ ಶುರು ಅನ್ನುವುದು ಗೆರೆ ಎಳೆದಷ್ಟು ಸುಲಭ ಅಲ್ಲ. ನನ್ನ ಗೆರೆ ಇಷ್ಟು: ಕಥೆಯಲ್ಲಿ ಇಲ್ಲದ ಘಟನೆ, ಇಲ್ಲದ ಮಾತು ನನ್ನಿಂದ ಸೇರಬಾರದು.

"ಕೇಳದೆ ಯಾವ ಎಐಗೂ ಹಸ್ತಪ್ರತಿ ಹಾಕುವುದಿಲ್ಲ." ಇದು ಹೊಸ ಸಾಲು. ಅಚ್ಚಾಗದ ಕಾದಂಬರಿ ಅಂದರೆ ಇನ್ನೊಬ್ಬರ ಮನೆ ಬೀಗದ ಕೈ. ಲೇಖಕರು ಒಪ್ಪಿದರೆ ಅದು ಅವರ ಇಷ್ಟ, ಒಪ್ಪಂದದಲ್ಲಿ ಬರೆದುಕೊಳ್ಳಿ. ಒಪ್ಪದಿದ್ದರೆ ಕಾಗುಣಿತ ನೋಡುವುದಕ್ಕೂ ಬೇಡ.

ಹಿಟ್ಟು ಮತ್ತು ಮುದ್ದೆ

ನನ್ನ ಹಾಳೆಯ ಮೊದಲ ಸಾಲು "ಲೇಖಕರ ಊರಿನ ಮಾತನ್ನು ನಾನು ಮುಟ್ಟುವುದಿಲ್ಲ". ಇದು ಬಂದಿದ್ದು ನನ್ನ ತಪ್ಪಿನಿಂದ. ಆ ಲೇಖಕರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಶಿರಾ ಕಡೆಯ ಒಬ್ಬರ ಕಥೆ. ಅದರಲ್ಲಿ ಒಂದು ಸಾಲು: "ಹಿಟ್ಟು ಉಂಡು ಮಲಗಿದ." ನನ್ನದೂ ಇದೇ ಜಿಲ್ಲೆ. ಹಿಟ್ಟು ಅಂದರೆ ರಾಗಿಮುದ್ದೆ ಅಂತ ನನಗೆ ಗೊತ್ತಿಲ್ಲದೆ ಏನಲ್ಲ. ಆದರೆ ತಲೆಯಲ್ಲಿ ಎಲ್ಲೋ ಧಾರವಾಡದ ಓದುಗರು, ಮಂಗಳೂರಿನ ಓದುಗರು ಕೂತಿದ್ದರು. ಅವರು ಒಣ ಹಿಟ್ಟು ಅಂದುಕೊಂಡರೆ? "ಮುದ್ದೆ ಉಂಡು ಮಲಗಿದ" ಅಂತ ಮಾಡಿದೆ. ಕಥೆಯಲ್ಲಿ ಹನ್ನೊಂದು ಕಡೆ ಹಿಟ್ಟು ಇತ್ತು. ಹನ್ನೊಂದನ್ನೂ ಒಂದೇ ಏಟಿಗೆ ಬದಲಾಯಿಸಿದೆ. ಅದೂ ಬದಲಾವಣೆ ತೋರಿಸುವ ಗುರುತು ಹಾಕದೆ. ಸಣ್ಣ ವಿಷಯ ಅಲ್ವಾ ಅಂತ.

ಕಥೆ ಅಚ್ಚಾಗಿ ಬಂತು. ಅವರು ಫೋನ್ ಮಾಡಿದರು. ಬೈಯಲಿಲ್ಲ. "ನಮ್ಮವ್ವ ಮುದ್ದೆ ಅಂತ ಯಾವತ್ತೂ ಅಂದೋಳಲ್ಲ ಕಣ್ರೀ. ಇದು ಯಾರದೋ ಅವ್ವ ಆಗೋದ್ಲು" ಅಂದರು.

ಆವತ್ತಿಂದ ಒಂದು ನಿಯಮ. ಮಾತಿನಲ್ಲಿ "ಬತ್ತಾವ್ನೆ" ಇದ್ದರೆ ಅದು ಬತ್ತಾವ್ನೆ. "ಅಂಗಲ್ಲ ಕಣ್ಲಾ" ಇದ್ದರೆ ಅದಕ್ಕೆ ಹ ಸೇರಿಸುವುದಿಲ್ಲ. ನೋಡಬೇಕಾದ್ದು ಬೇರೆ: ಅದೇ ಪಾತ್ರ ಒಂದು ಪುಟದಲ್ಲಿ "ಬತ್ತೀನಿ" ಅಂದು ಮುಂದಿನ ಪುಟದಲ್ಲಿ "ಬರುತ್ತೇನೆ" ಅಂದರೆ ಕಾರಣ ಇದೆಯಾ? ಪೇಟೆಯವರ ಮುಂದೆ ಮಾತು ಬದಲಾಗಬಹುದು. ಸಿಟ್ಟಿನಲ್ಲಿ ಬದಲಾಗಬಹುದು. ಲೇಖಕರ ಕೈ ಮರೆತೂ ಇರಬಹುದು. ಕೇಳಬೇಕು.

ಕೋಲಾರ, ಬಾಗೇಪಲ್ಲಿ, ಪಾವಗಡದ ಕಡೆಯಿಂದ ಬರುವ ಕಥೆಗಳಲ್ಲಿ ಇನ್ನೂ ಒಂದು ಮಜಾ ಇದೆ. ಅಜ್ಜಿ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಮುದ್ದು ಮಾಡುತ್ತಾಳೆ. ಅದನ್ನು ಪೂರ್ತಿ ಕನ್ನಡ ಮಾಡಿದರೆ ಅಜ್ಜಿಗೆ ಅರ್ಧ ಬಾಯಿ ಹೋದ ಹಾಗೆ. ನನಗೆ ತೆಲುಗು ಕೇಳಿದರೆ ಅರ್ಥ ಆಗುತ್ತೆ, ಬರೆಯಲು ಬರಲ್ಲ. ಅದನ್ನು ಲೇಖಕರಿಗೆ ಮೊದಲೇ ಹೇಳಿ, ತೆಲುಗು ಸಾಲುಗಳನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳಿ ಅನ್ನುತ್ತೇನೆ. ಬರದ ಕಡೆ ಬರಲ್ಲ ಅನ್ನುವುದೂ ನನ್ನ ಹಾಳೆಯಲ್ಲಿ ಒಂದು ಸಾಲು. ಇದರಿಂದಲೂ ಎರಡು ಕೆಲಸ ಕೈಬಿಟ್ಟಿವೆ.

ಬದಲಾಯಿಸುವ ಮುಂಚೆ ಕೇಳಿ

ಮೌಲ್ಯ ಕೊನೆಗೆ ಕಾಣುವುದು ಅಂಚಿನ ಟಿಪ್ಪಣಿಯಲ್ಲಿ. ಮಾದರಿಗೆ ಒಂದು ವಾಕ್ಯ ನಾನೇ ಕಟ್ಟಿದ್ದೇನೆ:

"ರಂಗಜ್ಜಿ ತುಂಬಾ ದುಃಖದಿಂದ ಕಣ್ಣೀರು ಸುರಿಸುತ್ತಾ ಅಟ್ಟದ ಮೇಲಿದ್ದ ಕೊಬ್ಬರಿಯನ್ನು ನೋಡಿ ತನ್ನ ಗಂಡನನ್ನು ನೆನಪಿಸಿಕೊಂಡು ಅತ್ತಳು."

ಕೈ ತುರಿಸುತ್ತೆ. "ಅಟ್ಟದ ಕೊಬ್ಬರಿ ನೋಡಿ ರಂಗಜ್ಜಿಗೆ ಗಂಡ ನೆನಪಾದ" ಅಂತ ಹತ್ತು ಸೆಕೆಂಡಿನಲ್ಲಿ ಬರೆಯಬಹುದು. ಚೆನ್ನಾಗಿಯೂ ಇದೆ. ಆದರೆ ಅದು ನನ್ನ ವಾಕ್ಯ. ಇಂಥ ಇನ್ನೂರು ವಾಕ್ಯ ಸೇರಿದರೆ ಕಾದಂಬರಿ ನನ್ನದಾಗುತ್ತೆ, ಹೆಸರು ಮಾತ್ರ ಅವರದು.

ಅದರ ಬದಲು ಅಂಚಿನಲ್ಲಿ ಹೀಗೆ ಬರೆಯುತ್ತೇನೆ: "ದುಃಖ, ಕಣ್ಣೀರು, ಅತ್ತಳು. ಮೂರೂ ಒಂದೇ ವಿಷಯ ಹೇಳುತ್ತಿವೆ, ಒಂದು ಸಾಕಾ? ಕೊಬ್ಬರಿ ನೋಡಿದರೆ ಗಂಡ ಯಾಕೆ ನೆನಪಾಗುತ್ತಾನೆ? ನಿಮಗೆ ಗೊತ್ತಿದೆ ಅನ್ನಿಸುತ್ತೆ, ನನಗೆ ಗೊತ್ತಾಗಲಿಲ್ಲ."

ಲೇಖಕರು ಇದಕ್ಕೆ ಹೀಗೆ ಉತ್ತರ ಕೊಡಬಹುದು: "ಅಟ್ಟದ ಮೇಲೆ ಕೊಬ್ಬರಿ ಗಡಗಡ ಅಂದವು. ಇಲಿ ಇರಬೇಕು. 'ಇಲಿ ಕಣೇ, ಮಲ್ಕೋ' ಅನ್ನೋಕೆ ಈಗ ಯಾರೂ ಇರಲಿಲ್ಲ."

ಈ ವಾಕ್ಯ ನನಗೆ ಬರೆಯಲು ಬರುತ್ತಿರಲಿಲ್ಲ. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಅಲ್ಲಾಡುತ್ತೆ ಅನ್ನುವುದು ಅಟ್ಟದ ಕೆಳಗೆ ಮಲಗಿದವರಿಗೇ ಗೊತ್ತು. (ಕಟ್ಟಿದ್ದು ನೀವೇ ಅಲ್ವಾ ಅನ್ನಬೇಡಿ. ನಾನೂ ಮಲಗಿದ್ದೆ, ತಿಪಟೂರಿನ ನೆಂಟರ ಮನೆಯಲ್ಲಿ.)

ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಿಸುವ ಹಾರ್ಮೋನಿಯಂ ಮೇಷ್ಟ್ರನ್ನು ನೋಡಿದ್ದೀರಲ್ಲ. ತಿಂಗಳುಗಟ್ಟಲೆ ಕಲಿಸುತ್ತಾರೆ. ನಾಟಕದ ರಾತ್ರಿ ರಂಗದ ಮುಂದೆ ಕೂತು ಶ್ರುತಿ ಕೊಡುತ್ತಾರೆ, ದುರ್ಯೋಧನ ತಾಳ ತಪ್ಪಿದರೆ ಕಣ್ಣಲ್ಲೇ ಎಳೆದು ತರುತ್ತಾರೆ. ಎದ್ದು ಹೋಗಿ ತಾವೇ ಪದ್ಯ ಹಾಡುವುದಿಲ್ಲ. ಕೈ ತುರಿಸಿದಾಗೆಲ್ಲ ನಾನು ಅವರನ್ನು ನೆನಪು ಮಾಡಿಕೊಳ್ಳುತ್ತೇನೆ.

ಎಲ್ಲದಕ್ಕೂ ಕೇಳುತ್ತಾ ಕೂರಬೇಕಾ? ಬೇಡ. ಕಾಗುಣಿತದ ತಪ್ಪು, ಬಿಟ್ಟುಹೋದ ಉದ್ಧರಣ ಚಿಹ್ನೆ, ಎರಡು ಸಲ ಬಿದ್ದ ಪದ ನೇರ ತಿದ್ದಿ, ಗುರುತು ಮಾತ್ರ ಉಳಿಯಲಿ. ಅರ್ಥ, ಧಾಟಿ, ಪಾತ್ರದ ಮಾತು ಇವುಗಳಿಗೆ ಪ್ರಶ್ನೆ. ಸಂಗತಿ ತಪ್ಪಿದ್ದರೆ ಕಾರಣದ ಸಮೇತ ಪ್ರಶ್ನೆ. ಯುಗಾದಿಗೆ ಕಿತ್ತ ಕಾಯಿ ಗೌರಿ ಹಬ್ಬಕ್ಕೆ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೊರಟರೆ, "ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬೇಕಲ್ಲ, ಇಲ್ಲಿ ಐದೇ ತಿಂಗಳಾಗಿದೆ" ಅಂತ ಬರೆಯಿರಿ. 1995ರ ಕಥೆಯಲ್ಲಿ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿ ಬಂದರೆ, ಅದು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಗಿದ್ದು 2007ರಲ್ಲಿ ಅಂತ ತಿಳಿಸಿ. ಪಾವಗಡದ ಸೋಲಾರ್ ಪಾರ್ಕ್ ಉದ್ಘಾಟನೆ ಆಗಿದ್ದು 2018ರಲ್ಲಿ. 2010ರ ಹುಡುಗನಿಗೆ ಅಲ್ಲಿ ಕಾವಲು ಕೆಲಸ ಸಿಗುವುದಿಲ್ಲ. ಇಂಥದ್ದನ್ನು ಹಿಡಿದಾಗ ಸಿಗುವ ಖುಷಿ ಜಾಸ್ತಿ. ಆದರೆ ಟಿಪ್ಪಣಿಯಲ್ಲಿ ಆ ಖುಷಿ ಕಾಣಬಾರದು. ಲೇಖಕರಿಗೆ ಅದು ಮೂದಲಿಕೆ ಹಾಗೆ ಕೇಳುತ್ತೆ.

ಪದಪಟ್ಟಿ

ಪ್ರತಿ ಕಾದಂಬರಿಗೂ ಒಂದು ಪದಪಟ್ಟಿ ಮಾಡಿ, ಕೊನೆಗೆ ಲೇಖಕರಿಗೇ ಕೊಡಿ. ಎರಡು ಪುಟ ಸಾಕು. "ಪುಟ್ಟೇಗೌಡ, ದೀರ್ಘ. ಹೈಸ್ಕೂಲು, ಹೈಸ್ಕೂಲ್ ಅಲ್ಲ. ಅಜ್ಜಿ 'ಹಿಟ್ಟು' ಅನ್ನುತ್ತಾಳೆ, ಬೆಂಗಳೂರಿನ ಮೊಮ್ಮಗ 'ಮುದ್ದೆ' ಅನ್ನುತ್ತಾನೆ. ಬಾವಿ ಮನೆಯ ಹಿಂದೆ, ಎಡಕ್ಕೆ. ಗಿರಿಜೆ 1988ರಲ್ಲಿ ಹುಟ್ಟಿದ್ದು." ಪುಟ ಕಟ್ಟುವವರು, ಕರಡು ನೋಡುವವರು ಮತ್ತೆ ಹಿಟ್ಟನ್ನು ಮುದ್ದೆ ಮಾಡದ ಹಾಗೆ ತಡೆಯುವುದು ಈ ಪಟ್ಟಿ.

ಊರು ಚಿಕ್ಕದು

ತುಮಕೂರು ಈಗ ದೊಡ್ಡದಾಗಿದೆ, ಆದರೆ ಬರೆಯುವವರ ಊರು ಇನ್ನೂ ಚಿಕ್ಕದು. ಯಾವ ಪುಸ್ತಕ ಬಿಡುಗಡೆಗೆ ಹೋದರೂ ಅದೇ ನಲವತ್ತು ಮುಖ. "ಅವರದ್ದು ನಿಮ್ಮ ಹತ್ರ ಬಂದಿತ್ತಂತಲ್ಲ, ಹೆಂಗಿದೆ?" ಅಂತ ಟೀ ಕುಡಿಯುತ್ತಾ ಕೇಳುತ್ತಾರೆ. ಸುಮ್ನೆ ಒಂದು ನಗು ನಕ್ಕರೂ ಅದು ಸಂಜೆಯೊಳಗೆ ಲೇಖಕರಿಗೆ ಮುಟ್ಟುತ್ತೆ. ಯಾರ ಹಸ್ತಪ್ರತಿ ಬಂದಿದೆ ಅನ್ನುವುದನ್ನೂ ಹೇಳಬೇಡಿ. ನಾನು ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವುದನ್ನೂ ನಿಲ್ಲಿಸಿದೆ. ಒಂದು ಹಳೇ ಪ್ರಿಂಟರ್ ಕೊಂಡೆ. ಅದು ಬೇರೆ ಖರ್ಚು.

ಇದರ ಇನ್ನೊಂದು ಮುಖವೂ ಇದೆ. ಗೆಳೆಯರ ಕಥೆ. "ನಮ್ಮದಕ್ಕೂ ದುಡ್ಡಾ?" ಅನ್ನುವ ಪ್ರಶ್ನೆ ಬಂದೇ ಬರುತ್ತೆ. ವರ್ಷಕ್ಕೆ ಎರಡು ಹಸ್ತಪ್ರತಿ ಪುಕ್ಕಟೆ ಅಂತ ಹಾಳೆಯಲ್ಲೇ ಬರೆದಿಡಿ. ಯಾರಿಗೆ ಅಂತ ನೀವೇ ಆರಿಸಿಕೊಳ್ಳಿ. ಸಂಖ್ಯೆ ಇದ್ದರೆ "ಈ ವರ್ಷದ್ದು ಮುಗೀತು" ಅನ್ನಬಹುದು.

ಮಾದರಿ, ಒಪ್ಪಂದ, ಹಣ

ಒಪ್ಪಿಕೊಳ್ಳುವ ಮುಂಚೆ ಸಾವಿರ ಪದ ತಿದ್ದಿ ಕಳಿಸಿ. ಮೊದಲ ಅಧ್ಯಾಯದ್ದು ಬೇಡ, ಅದನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ. ಮಧ್ಯದಿಂದ ಕೇಳಿ. ಇದು ಅವರಿಗೆ ನಿಮ್ಮ ಪರೀಕ್ಷೆ, ನಿಮಗೆ ಅವರ ಪರೀಕ್ಷೆ. ಪ್ರತಿ ಪ್ರಶ್ನೆಗೂ ಜಗಳಕ್ಕೆ ಬಂದರೆ ಬಿಟ್ಟುಬಿಡಿ. ಪ್ರತಿ ಪ್ರಶ್ನೆಗೂ "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ" ಅಂದರೂ ಬಿಟ್ಟುಬಿಡಿ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಒಪ್ಪಂದ ಒಂದೇ ಪುಟ, ಕನ್ನಡದಲ್ಲಿ. ಯಾವ ಕೆಲಸ, ಎಷ್ಟು ಪದ, ಎಷ್ಟು ಸುತ್ತು, ಯಾವ ದಿನಕ್ಕೆ, ಎಷ್ಟು ಹಣ, ಮಧ್ಯದಲ್ಲಿ ನಿಂತರೆ ಏನು. ಸುತ್ತಿನ ಸಂಖ್ಯೆ ಬರೆಯದಿದ್ದರೆ ಏಳನೇ ಸುತ್ತಿಗೂ "ಇದೊಂದೇ" ಅನ್ನುತ್ತಾರೆ. ನನ್ನದು ಎರಡು. ಜೊತೆಗೆ ಒಂದು ಸಾಲು: ಈ ಕೆಲಸದಿಂದ ಕೃತಿಯ ಮೇಲೆ ನನಗೆ ಯಾವ ಹಕ್ಕೂ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬರೆದವರದ್ದು. ಅದನ್ನು ಬೇರೆಯವರಿಗೆ ವಹಿಸಬೇಕಾದರೆ ಬರಹದಲ್ಲೇ ಆಗಬೇಕು, ಸಹಿ ಬೇಕು. 57ನೇ ಸೆಕ್ಷನ್ ಪ್ರಕಾರ ತನ್ನ ಹೆಸರಿಗೆ ಧಕ್ಕೆ ಆಗುವ ಹಾಗೆ ಕೃತಿಯನ್ನು ತಿರುಚಿದರೆ ಲೇಖಕರು ಆಕ್ಷೇಪ ಎತ್ತಬಹುದು, ಹಕ್ಕು ಮಾರಿದ ಮೇಲೂ. ನನ್ನ ಹನ್ನೊಂದು ಮುದ್ದೆ ಅಷ್ಟು ದೂರ ಹೋಗುತ್ತಿರಲಿಲ್ಲ ಅಂದುಕೊಂಡಿದ್ದೇನೆ. ಆದರೂ ಓದಿದಾಗ ಹೊಟ್ಟೆ ಒಮ್ಮೆ ಚುರಕ್ ಅಂದಿತ್ತು.

ಅರ್ಧ ಹಣ ಮುಂಚೆ. ಇದರಲ್ಲಿ ನಾಚಿಕೆ ಬೇಡ. ಜಿಎಸ್‌ಟಿ ಬಗ್ಗೆ ಹೆದರಬೇಡಿ, ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ನೋಂದಣಿ ಬೇಡ. ನಾವು ಅಲ್ಲಿಗೆ ಮುಟ್ಟಿದ ದಿನ ಆ ಸಮಸ್ಯೆಯನ್ನು ಖುಷಿಯಾಗಿ ನೋಡಿಕೊಳ್ಳೋಣ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಬೇಕಿದ್ದರೆ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ.

ಕಡತ

ಹಿರಿಯ ಲೇಖಕರ ಕಡತ ಇನ್ನೂ ಹಳೇ ನುಡಿ, ಬರಹ ಫಾಂಟುಗಳಲ್ಲಿ ಬರುತ್ತೆ. ಈಗ ಎಲ್ಲಾ ಕಡೆ ಓಡುವ ಯುನಿಕೋಡ್ ಅಕ್ಷರಕ್ಕೆ ತಂದಾಗ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪುತ್ತೆ, ಒತ್ತಕ್ಷರ ಒಡೆಯುತ್ತೆ, 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುತ್ತೆ. ಇದು ಲೇಖಕರ ತಪ್ಪಲ್ಲ. ತಿದ್ದುವ ಗಂಟೆಗೆ ಸೇರಿಸಬೇಡಿ, ಬೇರೆ ಬರೆದು ಹೇಳಿ. ಮೂಲ ಕಡತವನ್ನು ಮುಟ್ಟದೆ ಒಂದು ಕಡೆ ಇಡಿ. ಪ್ರತಿ ಸುತ್ತಿಗೂ ತಾರೀಖು ಹಾಕಿದ ಹೊಸ ಹೆಸರು ಕೊಡಿ. 'ಕೊನೆಯದು', 'ನಿಜವಾದ ಕೊನೆಯದು' ಅಂತ ಹೆಸರಿಟ್ಟವರ ಪಾಡು ನನಗೆ ಗೊತ್ತು.

ಹಾಳೆಯನ್ನು ಮತ್ತೆ ತೆಗೆಯುವ ದಿನ

ಬರೆದ ಹಾಳೆಯನ್ನು ಗೋಡೆಗೆ ಅಂಟಿಸಬೇಡಿ. ಒಂದು ವಾರಕ್ಕೆ ಅದು ಕ್ಯಾಲೆಂಡರಿನ ದೇವರ ಚಿತ್ರದ ಹಾಗೆ ಕಣ್ಣಿಗೆ ಬೀಳುವುದೇ ನಿಲ್ಲುತ್ತೆ. ಡ್ರಾಯರಿನಲ್ಲಿಡಿ. ವರ್ಷಕ್ಕೆ ಒಂದು ದಿನ ತೆಗೆಯಿರಿ. ನಾನು ಆಯುಧಪೂಜೆ ದಿನ ತೆಗೆಯುತ್ತೇನೆ. ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟ ಮೇಲೆ ಆವತ್ತು ಕೆಲಸ ಮಾಡುವ ಹಾಗಿಲ್ಲ, ಕೈ ಖಾಲಿ ಇರುತ್ತೆ.

ಪ್ರತಿ ಸಾಲಿನ ಮುಂದೆ ಬರೆಯಬೇಕಾದ್ದು ಎರಡು. ಈ ವರ್ಷ ಇದನ್ನು ಉಳಿಸಿಕೊಂಡು ಏನು ಕಳೆದುಕೊಂಡೆ? ಇದನ್ನು ಮುರಿದು ಏನು ಗಳಿಸಿದೆ? ಎರಡೂ ಕಡೆ ಖಾಲಿ ಇರುವ ಸಾಲು ಎರಡು ವರ್ಷ ಹಾಗೇ ಇದ್ದರೆ ಹೊಡೆದು ಹಾಕುತ್ತೇನೆ. ಅದು ಕೆಲಸಕ್ಕೆ ಬಂದೇ ಇಲ್ಲ ಅಂತ ಅರ್ಥ.

ಹೋದ ಸಲ "ವರ್ಷಕ್ಕೆ 10 ಕಾದಂಬರಿ" ಹೊಡೆದು 8 ಮಾಡಿದೆ. ಉಳಿದ ಎರಡು ತಿಂಗಳಿಗೆ ಬರೀ ಅಭಿಪ್ರಾಯ ಪತ್ರಗಳು. ಕೆಳಗೆ ಒಂದು ಹೊಸ ಸಾಲೂ ಸೇರಿತು: "ಕಥೆಯ ಬಗ್ಗೆ ಫೋನಿನಲ್ಲಿ ಅಭಿಪ್ರಾಯ ಹೇಳುವುದಿಲ್ಲ, ಬರೆದೇ ಕಳಿಸುತ್ತೇನೆ." ಒಬ್ಬರು ಬಸ್ಸಿನಲ್ಲಿದ್ದಾಗ ಫೋನ್ ಮಾಡಿ ಕೇಳಿದ್ದರು. ನಾನು ಅವಸರದಲ್ಲಿ "ಪರವಾಗಿಲ್ಲ" ಅಂದಿದ್ದೆ. ಚೆನ್ನಾಗಿದೆ, ದಡ ಸೇರುತ್ತೆ ಅನ್ನುವ ಅರ್ಥದಲ್ಲಿ. ಅವರು ಮೂರು ತಿಂಗಳು ಆ ಕಾದಂಬರಿಯನ್ನು ಮುಟ್ಟಲಿಲ್ಲವಂತೆ.